ಸೈಕಲ್ ಕೊಟ್ಟರು, ಪಂಕ್ಚರ್ ಹಾಕುವವರು ಯಾರು?

ನಮ್ಮ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಕೊಟ್ಟಿಗೆಯ ಮೂಲೆ, ಹಿತ್ತಲ ಬೇಲಿ, ಹುಲ್ಲುಮೆದೆಯ ಮರೆ ಇವೆಲ್ಲ ಸೈಕಲ್ಲುಗಳ ಸ್ಮಶಾನವಾಗಿ ಬಹಳ ಕಾಲವಾಯಿತು. ಅಲ್ಲಿ ಒರಗಿ ನಿಂತಿರುವವುಗಳಲ್ಲಿ ಹೆಚ್ಚಿನವು ಮುರಿದ ಸೈಕಲ್ಲುಗಳಲ್ಲ. ಫ್ರೇಮು ಗಟ್ಟಿಯಾಗಿದೆ, ಹ್ಯಾಂಡಲ್ ನೆಟ್ಟಗಿದೆ, ಕ್ಯಾರಿಯರ್ ಕೂಡ ಅಲ್ಲಾಡುವುದಿಲ್ಲ. ಇಲ್ಲದಿರುವುದು ಒಂದು ಟ್ಯೂಬು, ನಾಲ್ಕು ಕಡ್ಡಿ, ಒಂದು ಕಾಟರ್ ಪಿನ್ನು, ಮತ್ತು ಇವನ್ನು ಹಾಕಿಕೊಡುವ ಒಂದು ಕೈ. ಆ ಕೈ ಮೂರು ಮೈಲಿಯ ಒಳಗೆ ಸಿಗದೇ ಹೋದುದರಿಂದ ಇಪ್ಪತ್ತು ಕಿಲೋ ಉಕ್ಕು ಮಳೆಗೆ ನೆನೆದು ಮಣ್ಣಾಗುತ್ತಿದೆ. ಅದರ ಒಡತಿ ಬಸ್ಸಿಗೆ ಕಾಯುತ್ತಿದ್ದಾಳೆ, ಇಲ್ಲವೇ ಓದು ಬಿಟ್ಟು ಮನೆಯಲ್ಲಿದ್ದಾಳೆ.

ಪರಿಸರದ ಪತ್ರಿಕೆಯಲ್ಲಿ ಪಂಕ್ಚರ್ ಅಂಗಡಿಯ ಮಾತೇಕೆ ಎಂದು ಹುಬ್ಬೇರಿಸುವ ಗೆಳೆಯರಿದ್ದಾರೆ. ಅವರಿಗೆ ಒಂದು ಪ್ರಶ್ನೆ. ಬಂಡೀಪುರದೊಳಗಿನ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರ ನಿಷೇಧಿಸಬೇಕೆಂಬ ಕೂಗಿಗೆ 2009ರಲ್ಲಿ ಫಲ ಸಿಕ್ಕಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಿಂಕೆ, ಚಿರತೆ, ಆನೆಮರಿಗಳು ಗಾಲಿಯಡಿ ಸಾಯಬಾರದೆಂಬ ನ್ಯಾಯವಾದ ಬೇಡಿಕೆ ಅದು. ಹಾಗಾದರೆ ಉಳಿದ ಹದಿನೈದು ಗಂಟೆಗಳಲ್ಲಿ ನಮ್ಮ ಊರುಗಳ ಜನ ಯಾವುದರ ಮೇಲೆ ಓಡಾಡಬೇಕು? ವಾಹನ ಬೇಡವೆನ್ನುವುದು ಅರ್ಧ ಮಾತು. ಇನ್ನರ್ಧ ಮಾತನ್ನು ಆಡಬೇಕಾದವರು ಸೈಕಲ್ಲಿನ ಬಗ್ಗೆ ಆಡಬೇಕು. ಸೈಕಲ್ಲಿನ ಬಗ್ಗೆ ಆಡುವವರು ಅದನ್ನು ಬದುಕಿಸಿಡುವ ಅಂಗಡಿಯ ಬಗ್ಗೆ ಆಡದೆ ವಿಧಿಯಿಲ್ಲ.

ಜೂನ್ 5ರಂದು ಜೀಪಿನಲ್ಲಿ ಬಂದಿಳಿದು ಸಸಿ ನೆಟ್ಟು ಫೋಟೋ ಹೊಡೆಸಿಕೊಳ್ಳುವ ಪರಿಸರ ಪ್ರೇಮಕ್ಕೆ ಈ ವಿಷಯ ರುಚಿಸುವುದಿಲ್ಲವೆಂದು ಬಲ್ಲೆವು. ಜೂನ್ 3 ವಿಶ್ವ ಸೈಕಲ್ ದಿನ. 2018ರಲ್ಲಿ ವಿಶ್ವಸಂಸ್ಥೆ ಅದನ್ನು ಘೋಷಿಸಿತು. ಎರಡು ದಿನ ಮೊದಲು ಬರುವ ಆ ದಿನ ನಮ್ಮ ಕಡೆ ಯಾರಿಗೂ ನೆನಪಾಗುವುದಿಲ್ಲ. 2020ರ ಆ ದಿನವೇ ಅಟ್ಲಾಸ್ ಕಂಪನಿ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿ ಕಾರ್ಮಿಕರನ್ನು ಮನೆಗೆ ಕಳುಹಿಸಿತು. 1951ರಲ್ಲಿ ಸೋನೀಪತ್‌ನಲ್ಲಿ ಹುಟ್ಟಿದ ಕಂಪನಿ. ನಮ್ಮ ಅಪ್ಪಂದಿರಲ್ಲಿ ಎಷ್ಟೋ ಜನ ಹಾಲಿನ ಕ್ಯಾನು, ಬಾಳೆಗೊನೆ, ಅರಿಶಿನದ ಮೂಟೆ ಕಟ್ಟಿ ತುಳಿದದ್ದು ಅದರ ಗಾಡಿಯನ್ನೇ.

ಕೊಟ್ಟವರ ಲೆಕ್ಕ

ಕರ್ನಾಟಕ ಸರ್ಕಾರ 2006-07ರಲ್ಲಿ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ ಆರಂಭಿಸಿತು. ಈ ಯೋಜನೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಸ್ವತಂತ್ರ ಕರ್ನಾಟಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಸರ್ಕಾರ ಕೊಟ್ಟ ವಸ್ತುಗಳಲ್ಲಿ ಇದರಷ್ಟು ಘನವಾದದ್ದು ಹೆಚ್ಚಿಲ್ಲ. ಅದಕ್ಕೂ ಮೊದಲು ಏಳನೇ ತರಗತಿಯವರೆಗೆ ಊರಿನಲ್ಲೇ ಓದಿ, ಪ್ರೌಢಶಾಲೆ ನಾಲ್ಕೈದು ಕಿಲೋಮೀಟರ್ ದೂರವಿದೆಯೆಂಬ ಒಂದೇ ಕಾರಣಕ್ಕೆ ಹೂವಿನ ಹೊಲಕ್ಕೋ ಈರುಳ್ಳಿ ಕೀಳಲಿಕ್ಕೋ ಹೋದ ಹುಡುಗಿಯರನ್ನು ತೆರಕಣಾಂಬಿ, ಬೇಗೂರು, ಹಂಗಳದ ಸುತ್ತ ನಾವೆಲ್ಲ ಬಲ್ಲೆವು. ಅವರ ತಂಗಿಯರು ಸಮವಸ್ತ್ರ ತೊಟ್ಟು ಸಾಲಾಗಿ ಸೈಕಲ್ ತುಳಿಯುತ್ತ ಹೋದದ್ದನ್ನೂ ಕಣ್ಣಾರೆ ಕಂಡೆವು.

ಆದರೆ ಕೊಟ್ಟವರು ಎಣಿಸಿದ್ದು ಸೈಕಲ್ಲುಗಳನ್ನು. ಅವು ಎಷ್ಟು ದಿನ ಉರುಳಿದವೆಂದು ಎಣಿಸಲಿಲ್ಲ. ರಾಜ್ಯಕ್ಕೆಲ್ಲ ಒಟ್ಟಿಗೆ ಟೆಂಡರ್ ಕರೆದು ಕೊಂಡ ಗಾಡಿಗಳು ಬಿಡಿಬಿಡಿಯಾಗಿ ಲಾರಿಯಲ್ಲಿ ಬಂದು, ತರಾತುರಿಯಲ್ಲಿ ಜೋಡಣೆಯಾಗಿ, ಭಾಷಣದ ನಂತರ ಹಂಚಿಕೆಯಾದವು. ಸೈಕಲ್ ಕೈಗೆ ಬಂದ ದಿನವೇ ಅದನ್ನು ತಳ್ಳಿಕೊಂಡು ಅಂಗಡಿಗೆ ಹೋಗಿ, ನಟ್ಟು ಬೋಲ್ಟು ಬಿಗಿ ಮಾಡಿಸಿ, ಚಕ್ರದ ಬೆಂಡ್ ತೆಗೆಸಿ, ಬ್ರೇಕ್ ರಬ್ಬರು ಬದಲಿಸಿ ಕೈಯಿಂದ ಹಣ ತೆತ್ತ ಪೋಷಕರ ದೂರುಗಳು ರಾಜ್ಯದ ಮೂಲೆಮೂಲೆಯಿಂದ ಪತ್ರಿಕೆಗಳಲ್ಲಿ ವರದಿಯಾದವು. ಕೂಲಿ ಮಾಡುವ ತಂದೆಗೆ ‘ಉಚಿತ’ ಎಂಬ ಶಬ್ದದ ಅರ್ಥ ಅಂದೇ ತಿಳಿಯಿತು. 2020ರಲ್ಲಿ ಕೋವಿಡ್ ಬಂದಾಗ ಶಾಲೆಗಳೊಂದಿಗೆ ಈ ಹಂಚಿಕೆಯೂ ನಿಂತಿತು. ಶಾಲೆಗಳು ತೆರೆದರೂ ಮರುವರ್ಷ ಸೈಕಲ್ ಬರಲಿಲ್ಲ.

ಬಿಹಾರದ ಉದಾಹರಣೆಯನ್ನು ಇಲ್ಲಿ ಹೇಳಲೇಬೇಕು. ಅದೇ 2006ರಲ್ಲಿ ಅಲ್ಲಿನ ಸರ್ಕಾರ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ಲಿನ ಬದಲು ಸೈಕಲ್ ಕೊಳ್ಳಲು ಎರಡು ಸಾವಿರ ರೂಪಾಯಿ ಕೊಟ್ಟಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಅದರಿಂದ ಶೇ. 32ರಷ್ಟು ಏರಿತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಕುಗ್ಗಿತು. ಅವರು ಅಳೆದದ್ದು ಶಾಲಾ ದಾಖಲಾತಿಯನ್ನು. ನಮ್ಮ ಗಮನ ಇರುವುದು ಅದರ ಇನ್ನೊಂದು ಮಗ್ಗುಲಿನ ಮೇಲೆ. ಹಣ ಹಿಡಿದು ಅಪ್ಪ ಮಗಳು ತಮ್ಮ ಪೇಟೆಯ ಅಂಗಡಿಗೆ ಹೋದಾಗ, ಗಾಡಿ ಆರಿಸುವವರು ಅವರೇ. ಮಾರಿದವನ ಮುಖ ಗೊತ್ತು, ಅವನಿಗೂ ಇವರ ಮುಖ ಗೊತ್ತು. ಪೆಡಲ್ ಕಳಚಿದರೆ ಮರುದಿನ ಅವನ ಅಂಗಡಿಯ ಮುಂದೆ ನಿಂತು ಜೋರು ಮಾಡಬಹುದು. ಟೆಂಡರ್ ಗೆದ್ದ ದೂರದ ಕಾರ್ಖಾನೆಯ ಮುಂದೆ ನಿಂತು ಜೋರು ಮಾಡಲು ಪುಣಜನೂರಿನ ಕೂಲಿಕಾರನಿಗೆ ಸಾಧ್ಯವೇ? ನಮ್ಮ ಯೋಜನೆ ಸೈಕಲ್ಲನ್ನು ಕೊಟ್ಟಿತು, ಗಿರಾಕಿಯ ಹಕ್ಕನ್ನು ಕಸಿಯಿತು. ಊರಿನ ಅಂಗಡಿಗೆ ಅದರಿಂದ ಒಂದು ಬೆಲ್ಲಿನ ವ್ಯಾಪಾರವೂ ಆಗಲಿಲ್ಲ. ಲಾಭವಿಲ್ಲದ ರಿಪೇರಿ ಮಾತ್ರ ಅದರ ಪಾಲಿಗೆ ಬಂತು.

ಅಂಗಡಿಯ ಮುಂದೆ

ಇನ್ನು ಅಂಗಡಿಯವರ ವಿಷಯ. ಅವರನ್ನು ದೇವರ ಪಟದಂತೆ ಗೋಡೆಗೆ ತೂಗುಹಾಕುವ ಇಚ್ಛೆ ನಮಗಿಲ್ಲ. ಹಳ್ಳಿಯ ಕುಶಲಕರ್ಮಿಯನ್ನು ಹೊಗಳಿ ಬರೆಯುವ ನಗರದ ಲೇಖಕರಿಗೆ ‘ನಾಳೆ ಬನ್ನಿ’ ಎಂಬ ಮಾತಿನ ರುಚಿ ಗೊತ್ತಿರುವುದಿಲ್ಲ. ನಾಳೆ ಹೋದರೆ ಅಂಗಡಿ ಮುಚ್ಚಿದೆ; ನಾಡಿದ್ದು ಹೋದರೆ ಗಾಡಿ ಬಿಚ್ಚಿಟ್ಟಿದೆ, ಬಾಲ್ಸ್ ಬಂದಿಲ್ಲ. ಒಳ್ಳೆಯ ಫ್ರೀವೀಲ್ ತೆಗೆದುಕೊಂಡು ಹಳೆಯದನ್ನು ಹಾಕಿ ಕಳುಹಿಸಿದರೆಂದು ದೂರುವವರಿದ್ದಾರೆ. ತನ್ನಲ್ಲಿ ಕೊಳ್ಳದ ಗಾಡಿಯನ್ನು ಮುಟ್ಟುವುದಿಲ್ಲವೆಂಬ ಠೇಂಕಾರದ ಅಂಗಡಿಗಳೂ ಇವೆ.

ಪಂಕ್ಚರ್ ಒಂದನ್ನೇ ನೋಡಿ. ನಮ್ಮದು ಜಾಲಿಮುಳ್ಳಿನ ಸೀಮೆ. ಬಲ್ಲವನು ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಸುತ್ತಲೂ ಅದ್ದಿ ನೋಡುತ್ತಾನೆ, ಒಂದು ಗುಳ್ಳೆ ಕಂಡೊಡನೆ ನಿಲ್ಲಿಸುವುದಿಲ್ಲ; ಒರೆಸಿ, ಉಜ್ಜಿ, ಸೊಲ್ಯೂಷನ್ ಸವರಿ ಅದು ಒಣಗುವವರೆಗೆ ಕಾಯುತ್ತಾನೆ; ತೇಪೆ ಅಂಟಿಸಿ ತಟ್ಟುತ್ತಾನೆ; ಎಲ್ಲಕ್ಕಿಂತ ಮುಖ್ಯವಾಗಿ ಟೈರಿನ ಒಳಗೆ ಬೆರಳಾಡಿಸಿ ಮುಳ್ಳಿನ ಮೊನೆ ಅಲ್ಲೇ ಕುಳಿತಿದೆಯೇ ಎಂದು ಹುಡುಕುತ್ತಾನೆ. ಅವಸರದವನು ಸೊಲ್ಯೂಷನ್ ಹಸಿಯಿರುವಾಗಲೇ ತೇಪೆ ಒತ್ತುತ್ತಾನೆ, ಟೈರನ್ನು ನೋಡುವುದೇ ಇಲ್ಲ. ಎರಡು ಮೈಲಿ ಹೋಗುವುದರೊಳಗೆ ಗಾಳಿ ಮತ್ತೆ ಇಳಿಯುತ್ತದೆ. ಪೇಟೆಯಲ್ಲಿ ಇದು ಬೇಸರದ ಸಂಗತಿಯಷ್ಟೇ. ಕಾಡಂಚಿನ ದಾರಿಯಲ್ಲಿ ಸಂಜೆ ಆರೂವರೆಗೆ, ಆನೆಗಳು ಹೊಲದ ಕಡೆ ಹೊರಡುವ ಹೊತ್ತಿಗೆ, ಗಾಡಿ ತಳ್ಳಿಕೊಂಡು ನಡೆಯುವ ಹದಿನಾಲ್ಕರ ಹುಡುಗನಿಗೆ ಅದು ಪ್ರಾಣದ ಪ್ರಶ್ನೆ. ಬಿಳಿಗಿರಿರಂಗನ ಬೆಟ್ಟದ ಇಳಿಜಾರಿನಲ್ಲಿ ಸವೆದ ಬ್ರೇಕ್ ರಬ್ಬರಿಗೂ ಅದೇ ಮಾತು. ಆದ್ದರಿಂದ ರಿಪೇರಿಯ ಗುಣಮಟ್ಟ ಕೇಳುವುದು ಜಿಪುಣತನವಲ್ಲ, ಬಡವನ ಮೇಲಿನ ದರ್ಪವೂ ಅಲ್ಲ.

ಹುಡುಗಿಯರ ಅನುಭವ ಬೇರೆಯೇ ಇದೆ, ಅದನ್ನು ಗಂಡಸರು ಬರೆಯುವ ಪತ್ರಿಕೆಗಳು ಗಮನಿಸಿದ್ದು ಕಡಿಮೆ. ಬಹುತೇಕ ಸೈಕಲ್ ಶಾಪುಗಳ ಮುಂಭಾಗವೆಂದರೆ ಬೀಡಿ ಸೇದುತ್ತ ಹರಟುವ ಗಂಡಸರ ಕಟ್ಟೆ. ಅರ್ಧ ಗಂಟೆ ಅಲ್ಲಿ ನಿಂತು ಚೈನು ಹಾಕಿಸಿಕೊಳ್ಳಲು ಹುಡುಗಿಗೆ ಮುಜುಗರ, ನಿಲ್ಲಿಸಲು ಮನೆಯವರಿಗೆ ಒಪ್ಪಿಗೆಯಿಲ್ಲ. ಅಣ್ಣನಿಗೆ ಪುರಸೊತ್ತು ಆಗುವವರೆಗೆ ಗಾಡಿ ನಿಂತಿರಬೇಕು. ಪುರಸೊತ್ತಾದ ಮೇಲೆ ಅಣ್ಣ ಅದನ್ನು ತನ್ನದಾಗಿಸಿಕೊಳ್ಳುತ್ತಾನೆ. ಶಾಲೆ ಬಿಡಿಸಿದ್ದು ಬಡತನವೆಂದು ದಾಖಲೆಯಲ್ಲಿ ಬರೆಯುತ್ತಾರೆ. ಎಷ್ಟೋ ಸಲ ಬಿಡಿಸಿದ್ದು ಒಂದು ಪಂಕ್ಚರ್.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಪಕ್ಷ ಆ ಅಂಗಡಿಯದೇ. ಏಕೆಂದರೆ ಅಲ್ಲಿನ ದೋಷಗಳೆಲ್ಲ ಗಿರಾಕಿ ನಿಂತು ನೋಡಬಹುದಾದ ದೋಷಗಳು. ಗಾಡಿ ಬಿಚ್ಚಿದ್ದು ಕಣ್ಣೆದುರು, ಜೋಡಿಸಿದ್ದು ಕಣ್ಣೆದುರು. ಮೋಸವಾದರೆ ಮೋಸಗಾರನ ಮನೆ ಗೊತ್ತು. ಹಳೆಯ 28 ಇಂಚಿನ ಗಾಡಿಯನ್ನು ನೆನೆಯಿರಿ. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಹೀರೋ ಆಗಲಿ, ಹರ್ಕ್ಯುಲಿಸ್ ಆಗಲಿ, ಏವನ್ ಆಗಲಿ, ಒಂದರ ಟೈರು ಇನ್ನೊಂದಕ್ಕೆ ಕೂರುತ್ತದೆ. ಲೂಧಿಯಾನದಲ್ಲಿ ಮಾಡಿದ್ದಕ್ಕೂ ಅಂಬತ್ತೂರಿನಲ್ಲಿ ಮಾಡಿದ್ದಕ್ಕೂ ಸಂತೇಮರಹಳ್ಳಿಯ ಅಂಗಡಿಯಲ್ಲಿ ಒಂದೇ ಡಬ್ಬದ ಬಾಲ್ಸ್. ಎರಡು ಸ್ಪ್ಯಾನರ್, ಒಂದು ಸುತ್ತಿಗೆ, ನಿಪ್ಪಲ್ ತಿರುಗಿಸುವ ಕೀ ಇಷ್ಟಿದ್ದರೆ ಇಡೀ ಯಂತ್ರ ಅವನ ಅಧೀನ. ಕುತೂಹಲದ ಹುಡುಗ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದು ಬೇಸಿಗೆ ರಜೆಯಲ್ಲಿ ಕಲಿಯಬಲ್ಲ ವಿದ್ಯೆ. ಇವಾನ್ ಇಲಿಚ್ 1974ರಲ್ಲಿ ಪ್ರಕಟಿಸಿದ ಶಕ್ತಿ ಮತ್ತು ಸಮಾನತೆಯ ಕುರಿತ ಪುಸ್ತಕದಲ್ಲಿ, ಸೈಕಲ್ ಸವಾರ ಕಾಲ್ನಡಿಗೆಯವನಿಗಿಂತ ಮೂರು ನಾಲ್ಕು ಪಟ್ಟು ವೇಗವಾಗಿ, ಐದನೇ ಒಂದು ಪಾಲು ಶಕ್ತಿ ವ್ಯಯಿಸಿ ಸಾಗುತ್ತಾನೆಂದು ತೋರಿಸಿ, ಮನುಷ್ಯನ ಅಳತೆಗೆ ತಕ್ಕ ಯಂತ್ರವೆಂದು ಇದನ್ನು ಮೆಚ್ಚಿದ. ನಮ್ಮ ಮಟ್ಟಿಗೆ ಅದಕ್ಕೊಂದು ಮಾತು ಸೇರಿಸಬೇಕು: ಮನುಷ್ಯನ ಅಳತೆಯ ಯಂತ್ರವೆಂದರೆ ಪಕ್ಕದ ಬೀದಿಯ ಮನುಷ್ಯ ರಿಪೇರಿ ಮಾಡಬಲ್ಲ ಯಂತ್ರವೂ ಹೌದು.

ಈ ಅಳತೆಯನ್ನು ಕಂಪನಿಗಳು ಬುದ್ಧಿಪೂರ್ವಕವಾಗಿ ಕೆಡಿಸುತ್ತಿವೆ. ಟಿವಿಯ ಜಾಹೀರಾತು ನೋಡಿ ಮಗ ಹಟ ಹಿಡಿದು ಕೊಡಿಸಿಕೊಳ್ಳುವ ದಪ್ಪ ಟೈರಿನ ಗೇರ್ ಸೈಕಲ್ಲನ್ನೇ ತೆಗೆದುಕೊಳ್ಳಿ. ಚಕ್ರ ಒಂದರದು 26 ಇಂಚು, ಇನ್ನೊಂದರದು 27.5, ಮತ್ತೊಂದರದು 29; ಒಂದರ ಟೈರು ಇನ್ನೊಂದಕ್ಕಿಲ್ಲ. ಪೆಡಲಿನ ನಡುವಿನ ಅಚ್ಚು ಬಿಚ್ಚಲು ವಿಶೇಷ ಉಪಕರಣ ಬೇಕು. ಡಿಸ್ಕ್ ಬ್ರೇಕಿನ ಪ್ಯಾಡು ಮೈಸೂರಿನಿಂದ ಬರಬೇಕು. ಅಗ್ಗದ ಗಾಡಿಗೆ ಅಂಟಿಸಿದ ಸಸ್ಪೆನ್ಷನ್ನು ಸವಾರನಿಗೆ ಭಾರ, ರಿಪೇರಿಯವನಿಗೆ ಒಗಟು. ನಮ್ಮ ಪರಿಚಯದ ವಿದ್ಯಾರ್ಥಿಯೊಬ್ಬ ಇಂತಹ ಗಾಡಿಯ ಹಿಂಬದಿಯ ಗೇರು ಬಾಗಿದಾಗ ಮೂರು ಅಂಗಡಿ ಸುತ್ತಿದ. ಮೊದಲನೆಯವನು ‘ಇದು ನಮ್ಮ ಕೈಲಾಗದು ಕಣಪ್ಪ’ ಎಂದು ಪ್ರಾಮಾಣಿಕವಾಗಿ ಹೇಳಿದ; ಎರಡನೆಯವನು ಬಗ್ಗಿಸಲು ಹೋಗಿ ಮುರಿದ; ಮೂರನೆಯವನು ಗೇರನ್ನೆಲ್ಲ ಕಿತ್ತು, ಚೈನು ತುಂಡು ಮಾಡಿ, ಒಂದೇ ಹಲ್ಲುಚಕ್ರದ ಗಾಡಿ ಮಾಡಿಕೊಟ್ಟ. ಅದು ಈಗಲೂ ಓಡುತ್ತಿದೆ. ಈ ಮೂರನೆಯವನಿಗೆ ಯಾವ ವಿಶ್ವವಿದ್ಯಾಲಯ ಪದವಿ ಕೊಡಬೇಕು?

ಬಿಲ್ಲು ಕೊಡುವ ದೊಡ್ಡ ಅಂಗಡಿಗಳು

ಸೈಕಲ್ ಬಿಟ್ಟು ಮೋಟಾರ್ ಬೈಕ್ ಹಿಡಿದವರ ಪಾಡು ಸುಖದ್ದೇನಲ್ಲ. 2011ರ ಜನಗಣತಿಯ ಪ್ರಕಾರ ದೇಶದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ ಇತ್ತು, 21ರಲ್ಲಿ ಮೋಟಾರ್ ದ್ವಿಚಕ್ರ ವಾಹನ. ಆಮೇಲಿನ ವರ್ಷಗಳಲ್ಲಿ ಸಾಲದ ಕಂತು ಹಳ್ಳಿಗೂ ಬಂತು, ಬೈಕೂ ಬಂತು. ಅದರ ರಿಪೇರಿಗೆ ಗಾಜಿನ ಗೋಡೆಯ ಷೋರೂಮಿದೆ. ಹೆಸರು ಬೇಡ, ಒಂದರಲ್ಲಿ ಆದದ್ದು ಎಲ್ಲದರಲ್ಲಿ ಆಗುತ್ತಿದೆ. ‘ಉಚಿತ ಸರ್ವಿಸ್’ ಎಂದು ಬಿಟ್ಟುಬಂದ ಗಾಡಿಗೆ ಸಂಜೆ ಎಂಟುನೂರು ರೂಪಾಯಿಯ ಬಿಲ್ಲು: ಆಯಿಲ್, ಪಾಲಿಶ್, ವಾಟರ್ ವಾಷ್, ಮತ್ತೆ ಏನೆಂದು ಯಾರಿಗೂ ಅರ್ಥವಾಗದ ‘ಕನ್ಸ್ಯೂಮಬಲ್ಸ್’. ಗಾಡಿ ಬಿಚ್ಚುವ ಜಾಗಕ್ಕೆ ಗಿರಾಕಿಗೆ ಪ್ರವೇಶವಿಲ್ಲ. ಸವೆದಿದೆಯೆಂದು ತೆಗೆದ ಭಾಗ ಎಲ್ಲಿ ಎಂದು ಕೇಳಿದರೆ ‘ಸ್ಕ್ರಾಪ್‌ಗೆ ಹೋಯಿತು ಸಾರ್’.

ಇಲ್ಲಿ ನಮ್ಮ ಜನರ ನಡತೆಯನ್ನೂ ಹೇಳಬೇಕು. ಮೈಯೆಲ್ಲ ಗ್ರೀಸ್ ಮಾಡಿಕೊಂಡು ಬಿಸಿಲಲ್ಲಿ ಕೂತು ಪಂಕ್ಚರ್ ಹಾಕಿದವನ ಬಳಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವವರು, ಎ.ಸಿ. ಕೋಣೆಯಲ್ಲಿ ಟೈ ಕಟ್ಟಿದವನು ಚಾಚಿದ ಬಿಲ್ಲಿಗೆ ತುಟಿ ಬಿಚ್ಚದೆ ಹಣ ಎಣಿಸುತ್ತಾರೆ. ಒಬ್ಬ ‘ಲೇ’, ಇನ್ನೊಬ್ಬ ‘ಸರ್’. ಅಷ್ಟೇ ಅಲ್ಲ, ‘ಪಂಕ್ಚರ್ ಹಾಕುವವರು’ ಎಂಬುದನ್ನೇ ಒಂದು ಸಮುದಾಯಕ್ಕೆ ಬೈಗುಳವಾಗಿ ಎಸೆದ ರಾಜಕಾರಣಿಗಳನ್ನು ಈ ರಾಜ್ಯ ಕಂಡಿದೆ. ದುಡಿದು ತಿನ್ನುವ ಕಸುಬೊಂದು ಬೈಗುಳವಾದ ನಾಡಿನಲ್ಲಿ ಆ ಕಸುಬಿಗೆ ಮಕ್ಕಳು ಬರಲೆಂದು ಹೇಗೆ ಬಯಸುವುದು?

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಮ ಜಾರಿಗೆ ಬಂತು. ಕಾರ್ಬುರೇಟರ್ ಹೋಗಿ, ಹೆಚ್ಚಿನ ಬೈಕುಗಳಿಗೆ ಕಂಪ್ಯೂಟರ್ ನಿಯಂತ್ರಿಸುವ ಇಂಧನ ಚಿಮ್ಮುವ ವ್ಯವಸ್ಥೆ ಬಂತು. ಹೊಗೆ ಕಡಿಮೆಯಾದದ್ದನ್ನು ಪರಿಸರದವರಾದ ನಾವು ಸ್ವಾಗತಿಸದಿರಲು ಆಗದು. ಆದರೆ ದೋಷ ಪತ್ತೆಹಚ್ಚುವ ಸ್ಕ್ಯಾನರ್ ಕಂಪನಿಯ ಕೈಯಲ್ಲೇ ಇರಬೇಕೆಂದು ಯಾವ ಹೊಗೆ ನಿಯಮವೂ ಹೇಳಿಲ್ಲ. ಹೊಗೆ ನಿಯಂತ್ರಣದ ಹೆಸರಿನಲ್ಲಿ ಬೇಗೂರಿನ ಮೆಕ್ಯಾನಿಕ್ಕಿನ ಬಾಗಿಲಿಗೆ ಬೀಗ ಬಿತ್ತು. ಸಂವೇದಕ ಕೆಟ್ಟು ದೀಪ ಹತ್ತಿದರೆ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಜಿಲ್ಲಾ ಕೇಂದ್ರಕ್ಕೆ, ಕೆಲವೊಮ್ಮೆ ಮೈಸೂರಿಗೆ ಹೋಗಬೇಕು. ಆ ಟೆಂಪೋದ ಹೊಗೆಯನ್ನು ಯಾರ ಲೆಕ್ಕಕ್ಕೆ ಬರೆಯೋಣ?

ಗಿರಾಕಿಗಳು ಇಲ್ಲಿ ಪೂರ್ತಿ ನಿಸ್ಸಹಾಯಕರಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿ ಸೇವೆಯ ನ್ಯೂನತೆಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ತೆತ್ತ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 1915 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಗಾಡಿ ಬಿಡುವಾಗ ಏನೇನು ಕೆಲಸವೆಂದು ಬರೆದ ಚೀಟಿ ಕೇಳಿ ಪಡೆಯಿರಿ, ತೆಗೆದ ಹಳೆಯ ಭಾಗಗಳನ್ನು ವಾಪಸು ಕೇಳಿ, ಬಿಲ್ಲು ಜೋಪಾನ ಮಾಡಿ. ವಿದ್ಯಾರ್ಥಿಗಳು ಊರಿನವರ ಪರವಾಗಿ ಈ ದೂರುಗಳನ್ನು ಬರೆದುಕೊಟ್ಟರೆ ಅದೇ ಒಂದು ಚಳವಳಿ.

ಯಾವುದಕ್ಕೆ ರಿಯಾಯಿತಿ, ಯಾವುದಕ್ಕೆ ತೆರಿಗೆ

ಸರ್ಕಾರದ ಒಲವು ಎತ್ತ ಎಂಬುದನ್ನು ಭಾಷಣಕ್ಕಿಂತ ತೆರಿಗೆಯ ಪಟ್ಟಿ ಚೆನ್ನಾಗಿ ಹೇಳುತ್ತದೆ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಸೈಕಲ್ಲಿಗೂ ಅದರ ಬಿಡಿಭಾಗಗಳಿಗೂ ಶೇ. 12 ತೆರಿಗೆ ಬಿತ್ತು. 2019ರ ಆಗಸ್ಟ್‌ನಲ್ಲಿ ವಿದ್ಯುತ್ ವಾಹನಗಳ ಮೇಲಿನ ತೆರಿಗೆಯನ್ನು ಶೇ. 12ರಿಂದ 5ಕ್ಕೆ ಇಳಿಸಿದರು. ಪರಿಸರಕ್ಕೆ ಒಳ್ಳೆಯದೆಂಬುದು ಕಾರಣ. ಇರಲಿ. ಆದರೆ ಪೆಟ್ರೋಲೂ ಬೇಡದ, ಕರೆಂಟೂ ಬೇಡದ ಸೈಕಲ್ ಆಗಲೂ ಶೇ. 12ರಲ್ಲೇ ಉಳಿಯಿತು. ಲಕ್ಷಾಂತರ ರೂಪಾಯಿಯ ವಿದ್ಯುತ್ ಕಾರು ಕೊಂಡವನು ನೂರಕ್ಕೆ ಐದು ಕೊಟ್ಟ. ಹಾಲು ಹಾಕುವವನು ತನ್ನ ಚೈನಿಗೆ ನೂರಕ್ಕೆ ಹನ್ನೆರಡು ಕೊಟ್ಟ. ಆರು ವರ್ಷ ಈ ಅನ್ಯಾಯ ನಡೆಯಿತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿಗೂ ಶೇ. 5 ಆಯಿತು, ಸಂತೋಷ. ಅದೇ ದಿನ 350 ಸಿ.ಸಿ. ವರೆಗಿನ ಪೆಟ್ರೋಲ್ ಬೈಕುಗಳ ತೆರಿಗೆಯನ್ನೂ ಶೇ. 28ರಿಂದ 18ಕ್ಕೆ ಇಳಿಸಿದರೆಂಬುದನ್ನು ಮರೆಯಬಾರದು.

2023ರ ಸೆಪ್ಟೆಂಬರ್‌ನಲ್ಲಿ ಪಿ.ಎಂ. ವಿಶ್ವಕರ್ಮ ಎಂಬ ಯೋಜನೆ ಬಂತು. ಕೈಕಸುಬಿನವರಿಗೆ ತರಬೇತಿ, ಉಪಕರಣಗಳಿಗಾಗಿ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ. ಬಡಗಿ, ಕಮ್ಮಾರ, ಕುಂಬಾರ, ಚಮ್ಮಾರ, ದರ್ಜಿ, ಬೀಗ ಮಾಡುವವರು, ಹಾರ ಕಟ್ಟುವವರು, ದೋಣಿ ಮಾಡುವವರು, ಶಸ್ತ್ರ ಮಾಡುವವರು ಎಂದು ಒಟ್ಟು 18 ಕಸುಬುಗಳ ಪಟ್ಟಿ. ಅದರಲ್ಲಿ ಸೈಕಲ್ ರಿಪೇರಿ ಇಲ್ಲ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಶಸ್ತ್ರ ಮಾಡುವವರು ಎಷ್ಟು ಜನರಿದ್ದಾರೆ, ಪಂಕ್ಚರ್ ಹಾಕುವವರು ಎಷ್ಟು ಜನರಿದ್ದಾರೆ ಎಂದು ಪಟ್ಟಿ ಮಾಡಿದ ಮಹನೀಯರು ಒಮ್ಮೆ ಬಂದು ಎಣಿಸಲಿ. ಜಾತಿಯಿಂದ ಬಂದ ಕಸುಬಿಗೆ ಮಾತ್ರ ಗೌರವ, ನೂರು ವರ್ಷದಿಂದ ಎಲ್ಲ ಜಾತಿ ಧರ್ಮದವರೂ ಸೇರಿ ಕಟ್ಟಿಕೊಂಡ ಕಸುಬಿಗೆ ಇಲ್ಲವೆಂದರೆ, ಇದು ಯಾವ ಬಗೆಯ ವಿಶ್ವಕರ್ಮ?

ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ‘ರಿಪೇರಿಯ ಹಕ್ಕು’ ಎಂದು ಸಮಿತಿ ಮಾಡಿತು, ಡಿಸೆಂಬರ್‌ನಲ್ಲಿ ಜಾಲತಾಣವನ್ನೂ ತೆರೆಯಿತು. ಕೃಷಿ ಯಂತ್ರ, ಮೊಬೈಲ್ ಮುಂತಾದ ಎಲೆಕ್ಟ್ರಾನಿಕ್ ವಸ್ತುಗಳು, ಗೃಹೋಪಯೋಗಿ ಉಪಕರಣ, ಮೋಟಾರು ವಾಹನ ಎಂಬ ನಾಲ್ಕು ವಿಭಾಗ ಹೆಸರಿಸಿತು. ಸೈಕಲ್ ಇಲ್ಲಿಯೂ ಇಲ್ಲ. ಫ್ರಾನ್ಸ್ ದೇಶದ ಒಂದು ಸಂಗತಿಯನ್ನು ಇದರ ಪಕ್ಕಕ್ಕಿಟ್ಟು ನೋಡಿ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ಸಡಿಲಿಸಿದಾಗ, ಜನ ಕಾರು ಬಿಟ್ಟು ಸೈಕಲ್ ತುಳಿಯಲೆಂದು ಅಲ್ಲಿನ ಸರ್ಕಾರ ಹೊಸ ಸೈಕಲ್ ಹಂಚಲಿಲ್ಲ. ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಸೈಕಲ್ಲಿನ ರಿಪೇರಿಗೆ ತಲಾ 50 ಯೂರೋವರೆಗೆ ತಾನೇ ಕೊಟ್ಟಿತು. ಹೆಸರು ನೋಂದಾಯಿಸಿದ ರಿಪೇರಿ ಅಂಗಡಿಗೆ ಗಾಡಿ ಒಯ್ದರಾಯಿತು, ಬಿಲ್ಲಿನಲ್ಲಿ ಅಷ್ಟು ಕಡಿತ. ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ಲುಗಳು ಹೀಗೆ ಮತ್ತೆ ರಸ್ತೆಗೆ ಬಂದವು. ಸಿರಿವಂತ ದೇಶಕ್ಕೆ ಹೊಳೆದ ಈ ಮಿತವ್ಯಯ ನಮ್ಮ ಬಡ ಜಿಲ್ಲೆಗೆ ಹೊಳೆಯಲಿಲ್ಲ. ನೆರೆಯ ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂದು 450 ಬಾಡಿಗೆ ಸೈಕಲ್ಲುಗಳ ಯೋಜನೆ ಬಂದಾಗ ಸಿಕ್ಕ ಪ್ರಚಾರದ ನೂರರಲ್ಲಿ ಒಂದು ಪಾಲು ನಮ್ಮ ಹಳ್ಳಿಯ ಬಾಡಿಗೆ ಸೈಕಲ್ ಅಂಗಡಿಗಳು ಮುಚ್ಚಿದಾಗ ಸಿಗಲಿಲ್ಲ. ಗಂಟೆಯ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುವುದನ್ನು ಯಾವ ವಿದೇಶಿ ನೆರವೂ ಇಲ್ಲದೆ ಆ ಅಂಗಡಿಗಳು ದಶಕಗಳ ಕಾಲ ನಡೆಸಿದ್ದವು.

‘ಹೆಣ್ಣುಮಕ್ಕಳಿಗೆ ಈಗ ಬಸ್ಸೇ ಉಚಿತವಲ್ಲ, ಸೈಕಲ್ ಏಕೆ?’ ಎನ್ನುವವರಿಗೆ ಒಂದೇ ಉತ್ತರ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಬಸ್ ಇರುವ ಊರಿಗೆ ವರ. ಬಸ್ ಬಾರದ ಹಾಡಿಗೆ, ಪೋಡಿಗೆ, ಮುಖ್ಯ ರಸ್ತೆಯಿಂದ ಒಳಗಿರುವ ಊರಿಗೆ ಟಿಕೆಟ್ ಉಚಿತವಾದರೇನು, ದುಬಾರಿಯಾದರೇನು?

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಶಾಲಾ ಸೈಕಲ್ ಯೋಜನೆ ಮತ್ತೆ ಬರಬೇಕು, ಆದರೆ ಟೆಂಡರಿನ ಲಾರಿಯಲ್ಲಿ ಅಲ್ಲ. ಹಣ ಅಥವಾ ಚೀಟಿಯಾಗಿ ಪೋಷಕರ ಕೈಗೆ ಬರಬೇಕು, ತಾಲ್ಲೂಕಿನೊಳಗಿನ ಅಂಗಡಿಯಲ್ಲೇ ಕೊಳ್ಳುವಂತಿರಬೇಕು. ಅದರೊಡನೆ ಮೂರು ವರ್ಷದ ರಿಪೇರಿಗೂ ಚೀಟಿಗಳಿರಬೇಕು, ಕೆಲಸ ಮಾಡಿಕೊಟ್ಟ ಅಂಗಡಿಯವನು ಅವನ್ನು ಪಂಚಾಯಿತಿಯಲ್ಲಿ ಹಣ ಮಾಡಿಕೊಳ್ಳುವಂತಿರಬೇಕು. ಕೆಲಸ ಕೆಟ್ಟರೆ ಚೀಟಿ ಸಿಗದು. ಗುಣಮಟ್ಟಕ್ಕೆ ಇದಕ್ಕಿಂತ ಒಳ್ಳೆಯ ಕಾವಲು ನಮಗೆ ತೋಚದು. ಪ್ರತಿ ಪ್ರೌಢಶಾಲೆಯಲ್ಲಿ ಒಂದು ಪಂಪು, ಒಂದು ಪಂಕ್ಚರ್ ಪೆಟ್ಟಿಗೆ ಇರಲಿ. ಹುಡುಗಿಯರಿಗೆ ಮೊದಲು ಕಲಿಸಲಿ, ಕಲಿಸಲು ಊರಿನ ಮೆಕ್ಯಾನಿಕ್ಕನನ್ನೇ ಗೌರವಧನ ಕೊಟ್ಟು ಕರೆಯಲಿ. ಸೈಕಲ್ ರಿಪೇರಿ ವಿಶ್ವಕರ್ಮ ಪಟ್ಟಿಯ ಹತ್ತೊಂಬತ್ತನೆಯ ಕಸುಬಾಗಲಿ. ಅಂಗಡಿಯವರಿಗೂ ನಮ್ಮ ಷರತ್ತಿದೆ: ದರದ ಹಲಗೆ ಹೊರಗೆ ಕಾಣುವಂತೆ ತೂಗಲಿ, ತೆಗೆದ ಭಾಗ ಗಿರಾಕಿಯ ಕೈಗೆ ಬರಲಿ, ಹೆಣ್ಣುಮಕ್ಕಳಿಗೆ ಕೂರಲು ಒಂದು ಬೆಂಚು ಇರಲಿ, ಶಾಲಾ ಸಮಯದಲ್ಲಿ ಬಂದ ಮಗುವಿನ ಗಾಡಿ ಮೊದಲು ಆಗಲಿ.

ಮುಂದಿನ ಗ್ರಾಮಸಭೆಗೆ ಮೊದಲು ವಿದ್ಯಾರ್ಥಿ ಮಿತ್ರರು ತಮ್ಮ ತಮ್ಮ ಊರಿನಲ್ಲಿ ಒಂದು ಭಾನುವಾರ ಮನೆಮನೆ ತಿರುಗಿ, ನಿಂತುಹೋದ ಸೈಕಲ್ಲುಗಳು ಎಷ್ಟು, ಪ್ರತಿಯೊಂದಕ್ಕೂ ಏನು ಕೆಟ್ಟಿದೆ, ಹತ್ತಿರದ ರಿಪೇರಿ ಅಂಗಡಿ ಎಷ್ಟು ದೂರ ಎಂಬ ಮೂರು ಸಂಗತಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕೆಂದು ಕೋರುತ್ತೇವೆ. ಮನೆಯವರ ಹೆಸರು ಬೇಕಿಲ್ಲ, ಊರಿನ ಹೆಸರು ಸಾಕು. ಅದರ ಒಂದು ಪ್ರತಿಯನ್ನು ಪಂಚಾಯಿತಿ ಕಾರ್ಯದರ್ಶಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದನ್ನು ನಮಗೆ ಕಳುಹಿಸಿ. ಬಂದ ಪಟ್ಟಿಗಳನ್ನೆಲ್ಲ ಊರಿನ ಹೆಸರಿನೊಡನೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.